ಎಚ್‌ಪಿಎಲ್‌ಸಿ ರಾತ್ರಿ ಸ್ಲಾಟ್ ಹುಡುಗರಿಗೆ ಮಾತ್ರ. ನಿಮ್ಮ ಲ್ಯಾಬಿನಲ್ಲೂ ಹೀಗೇನಾ?

ಮೆಣಸಿನಕಾಯಿ ಹುಡುಗಿ · ಫೆಬ್ರುವರಿ 28, ರಾತ್ರಿ 9:42

ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಮೂರನೇ ವರ್ಷ. ಯಾವ ಸಂಸ್ಥೆ ಅಂತ ಕೇಳಬೇಡಿ, ಹೇಳುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಮತ್ತು ಖಾರ ನನ್ನ ವಿಷಯ. ಬ್ಯಾಡಗಿ ಅಂದರೆ ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತ ಅಡುಗೆ ಮಾಡುವ ಎಲ್ಲರಿಗೂ ಗೊತ್ತು. ಎಷ್ಟು ಕಮ್ಮಿ, ಹೊಲದಿಂದ ಹೊಲಕ್ಕೆ ಎಷ್ಟು ಬದಲಾಗುತ್ತದೆ ಅಂತ ಅಳೆಯುವುದು ನನ್ನ ಕೆಲಸ.

ಖಾರ ಕೊಡುವ ಕ್ಯಾಪ್ಸೈಸಿನ್ ಅಳೆಯಲು ಎಚ್‌ಪಿಎಲ್‌ಸಿ ಯಂತ್ರ ಬೇಕು, ದ್ರಾವಣದಲ್ಲಿ ಇರುವುದನ್ನೆಲ್ಲ ಬೇರೆ ಬೇರೆ ಮಾಡಿ ಅಳೆಯುವಂಥದ್ದು. ಒಂದು ಸಲ ಓಡಿಸಲು 25 ನಿಮಿಷ. ನನ್ನ ಹತ್ತಿರ 72 ಸ್ಯಾಂಪಲ್ ಇವೆ, ಒಂದೊಂದನ್ನೂ ಮೂರು ಸಲ ಓಡಿಸಬೇಕು. ಅಲ್ಲಿಗೆ 216 ಸಲ. ಯಂತ್ರ ಇರುವುದು ಒಂದೇ, ಕಾಯುವವರು ಹದಿನಾಲ್ಕು ಜನ. ಹುಡುಗಿಯರಿಗೆ ವಾರಕ್ಕೆ ಎರಡು ದಿನ, ಬೆಳಿಗ್ಗೆ 10:30ರಿಂದ ಸಂಜೆ 4:30. ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಅಂತ ನೋಡುವ ಸ್ಟ್ಯಾಂಡರ್ಡ್, ಬ್ಲ್ಯಾಂಕ್ ಎಲ್ಲ ಕಳೆದರೆ ದಿನಕ್ಕೆ ಹತ್ತು ಸಲ ಓಡಿಸಬಹುದು. ಅಂದರೆ ನನಗೆ ಹನ್ನೊಂದು ವಾರ. ರಾತ್ರಿ ಸ್ಲಾಟ್ ಸಂಜೆ 6ರಿಂದ ಬೆಳಿಗ್ಗೆ 6. ಅದು ಹುಡುಗರಿಗೆ ಮಾತ್ರ. ನನ್ನ ಜೂನಿಯರ್ ಒಬ್ಬ ಇಷ್ಟೇ ಕೆಲಸವನ್ನು ಮೂರು ವಾರದಲ್ಲಿ ಮುಗಿಸಿದ. ಪೇಪರ್ ಬರೆಯುವಾಗ ಅವನ ಡೇಟಾ ತಯಾರಿತ್ತು, ಹಾಗಾಗಿ ಅವನ ಹೆಸರು ಮೊದಲು ಬಂತು. ಹುಡುಗನದು ಏನೂ ತಪ್ಪಿಲ್ಲ. ಒಳ್ಳೆಯವನೇ.

ಕೇಳಿದರೆ ಒಂದೇ ಉತ್ತರ: "ನಿಮ್ಮ ಸೇಫ್ಟಿಗೇ ಅಲ್ವೇನಮ್ಮಾ?"

ಇವತ್ತು ವಿಜ್ಞಾನ ದಿನ. ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿದೆ, ಪ್ರಾರ್ಥನೆ ಹಾಡಿದೆ, ಅತಿಥಿಗಳಿಗೆ ಹೂಗುಚ್ಛ ತಂದೆ, ಆಮೇಲೆ ಉಪ್ಪಿಟ್ಟಿನ ತಟ್ಟೆ ಎಣಿಸಿದೆ. ನನ್ನ ಪೋಸ್ಟರ್ ಮುಂದೆ ನಿಂತು ವಿವರಿಸಿದ್ದು ಅದೇ ಜೂನಿಯರ್. ನಾನು ಅಡುಗೆಯವರ ಹತ್ತಿರ ಇದ್ದೆನಲ್ಲ!

ಬೇರೆ ಕಡೆ ಹೇಗಿದೆ ಹೇಳಿ. ಅಥವಾ ನಾನೇ ಸುಮ್ನೆ ದೊಡ್ಡದು ಮಾಡುತ್ತಿದ್ದೇನಾ?

ನವಲೂರ ಪೇರಲ · ರಾತ್ರಿ 9:58

ಇಲ್ಲೂ ಇದೇ ಕಥೆ. ನಮ್ಮದು ಎಚ್‌ಪಿಎಲ್‌ಸಿ ಅಲ್ಲ, ಮೈಕ್ರೋಸ್ಕೋಪ್. ಅಷ್ಟೇ ವ್ಯತ್ಯಾಸ.

ಕಡ್ಡಿಮುರಿ · ರಾತ್ರಿ 10:15

ಯಾರೂ ಹೇಳದ ಮಾತು ನಾನು ಹೇಳುತ್ತೇನೆ, ಬೈಯಬೇಡಿ. ನಾನೂ ಒಂದು ಲ್ಯಾಬ್ ನೋಡಿಕೊಳ್ಳುವವನು. ರಾತ್ರಿ ಹನ್ನೆರಡಕ್ಕೆ ಒಬ್ಬ ಹುಡುಗಿಗೆ ಏನಾದರೂ ಆದರೆ ಮರುದಿನ ಪೇಪರಿನಲ್ಲಿ ಯಾರ ಹೆಸರು ಬರುತ್ತದೆ? 2024ರಲ್ಲಿ ಕೋಲ್ಕತ್ತಾ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರ್ ಹುಡುಗಿಯ ಅತ್ಯಾಚಾರ, ಕೊಲೆ ಆದದ್ದನ್ನು ಇಷ್ಟು ಬೇಗ ಮರೆತಿರಾ? ಅವರ ಅಪ್ಪ ಅಮ್ಮ ಬಂದು ಕೇಳುವುದು ಗೈಡನ್ನೇ. ಎಲ್ಲದರಲ್ಲೂ ಗಂಡು-ಹೆಣ್ಣು ತರಬೇಡಿ.

ಇನ್ನೊಂದು. ಆಟೋಸ್ಯಾಂಪ್ಲರ್‌ಗೆ ಹಾಕಿ ಮನೆಗೆ ಹೋದರೆ ಯಂತ್ರ ತಾನೇ ಓಡಿಸುತ್ತದಲ್ಲ? ರಾತ್ರಿ ಕೂರುವ ಅಗತ್ಯವೇ ಇಲ್ಲ.

ಮೆಣಸಿನಕಾಯಿ ಹುಡುಗಿ · ರಾತ್ರಿ 10:21

ಸರ್, ನಮ್ಮ ಆಟೋಸ್ಯಾಂಪ್ಲರ್ ಕೆಟ್ಟು ಎರಡು ವರ್ಷವಾಯಿತು. ಪ್ರತಿ 25 ನಿಮಿಷಕ್ಕೆ ಸಿರಿಂಜಿನಿಂದ ಕೈಯಾರೆ ಹಾಕಬೇಕು. ರಿಪೇರಿ ಫೈಲ್ ಎಲ್ಲಿದೆ ಅಂತ ಆ ಮೈಲಾರಲಿಂಗನೇ ಬಲ್ಲ.

ರಾತ್ರಿಪಾಳಿ ಸಿಸ್ಟರ್ · ರಾತ್ರಿ 11:30

ಈಗಷ್ಟೇ ರೌಂಡ್ ಮುಗಿಸಿ ಕೂತೆ. ನಾನು ವಿಜ್ಞಾನಿ ಅಲ್ಲ, ಹುಬ್ಬಳ್ಳಿಯಲ್ಲಿ ನರ್ಸ್. ಹದಿನೆಂಟು ವರ್ಷದಿಂದ ರಾತ್ರಿ ಪಾಳಿ ಮಾಡುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಒಬ್ಬರೂ ನನಗೆ "ಹೆಣ್ಣುಮಗಳು, ರಾತ್ರಿ ಬೇಡ" ಅಂದಿಲ್ಲ. ಬಾಣಂತಿಯಾಗಿ ವಾಪಸ್ ಬಂದ ತಿಂಗಳೇ ನೈಟ್ ಹಾಕಿದ್ದರು. ನಮ್ಮ ರೆಸ್ಟ್ ರೂಮಿಗೆ ಒಳಗಿನ ಚಿಲಕ ಇರಲಿಲ್ಲ. ಹತ್ತು ಸಲ ಕೇಳಿದ ಮೇಲೆ ಹಾಕಿಸಿದರು. ಆಗ ಯಾರಿಗೂ ಸೇಫ್ಟಿ ನೆನಪಾಗಲಿಲ್ಲ.

ಕಡ್ಡಿಮುರಿ ಸರ್, ನೀವು ಕೋಲ್ಕತ್ತಾ ವಿಷಯ ಎತ್ತಿದಿರಿ. ಅದಾದ ಮೇಲೆ ಅಲ್ಲಿನ ಸರ್ಕಾರ ಹೆಣ್ಣು ಡಾಕ್ಟರುಗಳಿಗೆ ಆದಷ್ಟು ರಾತ್ರಿ ಪಾಳಿ ಬೇಡ ಅಂತ ಆದೇಶ ಮಾಡಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಭದ್ರತೆ ಕೊಡುವುದು ನಿಮ್ಮ ಜವಾಬ್ದಾರಿ, ಹೆಂಗಸರಿಗೆ ರಾತ್ರಿ ಕೆಲಸ ಮಾಡಬೇಡಿ ಅನ್ನುವ ಹಾಗಿಲ್ಲ ಅಂತ ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೇಳಿತು. ನಮ್ಮ ವಾರ್ಡಿನಲ್ಲಿ ಎಲ್ಲರೂ ಅದನ್ನು ಓದಿದ್ದೇವೆ.

ನನಗೆ ಅರ್ಥವಾಗದ್ದು ಇದು. ಪೇಷಂಟಿನ ಬೆಡ್‌ಪ್ಯಾನ್ ತೆಗೆಯುವ ರಾತ್ರಿ ನಮಗೆ ಸೇಫ್ ಆಗಿರುತ್ತದೆ. ಯಂತ್ರದ ಮುಂದೆ ಕೂತು ಹೆಸರು ಮಾಡುವ ರಾತ್ರಿ ಮಾತ್ರ ಡೇಂಜರಾ?

ಬೀಜದ ಹೊಲ · ಮಾರ್ಚ್ 1, ಬೆಳಿಗ್ಗೆ 6:50

ಸಿಸ್ಟರ್ ಹೇಳಿದ್ದು ಓದಿ ನಮ್ಮ ಕಡೆಯದು ನೆನಪಾಯಿತು. ನಾನು ರಾಣೇಬೆನ್ನೂರಿನವನು, ಬೀಜೋತ್ಪಾದನೆಯ ಕೆಲಸ. ಹತ್ತಿ, ತರಕಾರಿ ಹೈಬ್ರಿಡ್ ಬೀಜ ಹೇಗೆ ಆಗುತ್ತದೆ ಅಂತ ಎಷ್ಟು ಜನಕ್ಕೆ ಗೊತ್ತು? ಹತ್ತಿಯಲ್ಲಾದರೆ ಮಧ್ಯಾಹ್ನದ ಮೇಲೆ ನಾಳೆ ಅರಳುವ ಮೊಗ್ಗು ಹುಡುಕಿ, ಉಗುರಿನಿಂದ ಬಿಡಿಸಿ, ಒಳಗಿನ ಪರಾಗಕೋಶವೆಲ್ಲ ತೆಗೆಯಬೇಕು. ಹೆಣ್ಣು ಭಾಗಕ್ಕೆ ಗೀರು ಬೀಳಬಾರದು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದರ ಪರಾಗ ಒರೆಸಬೇಕು. ಬಿಸಿಲು ಏರಿತೋ, ಕೆಲಸ ಕೆಟ್ಟಿತು. ಇದಕ್ಕೆ ನಾವು ಕ್ರಾಸಿಂಗ್ ಅನ್ನುತ್ತೇವೆ. ಮಾಡುವವರೆಲ್ಲ ಹೆಣ್ಣುಮಕ್ಕಳು. ಇನ್ನೂ ಮಬ್ಬು ಇರುವಾಗಲೇ ಟಂಟಂ ಗಾಡಿಯಲ್ಲಿ ಹದಿನೈದು ಜನ ತುಂಬಿಕೊಂಡು ಬರುತ್ತಾರೆ. ಅವರ ಸೇಫ್ಟಿ ಬಗ್ಗೆ ಯಾವ ಮೀಟಿಂಗೂ ಆಗುವುದಿಲ್ಲ.

ಧಾರವಾಡದಲ್ಲಿ ಹುಟ್ಟಿದ ಹತ್ತಿ ಹೈಬ್ರಿಡ್‌ಗಳ ಹೆಸರು ನೋಡಿ: 70ರ ದಶಕದ್ದು ವರಲಕ್ಷ್ಮಿ, 1981ರ ಡಿಸಿಎಚ್-32ಕ್ಕೆ ಜಯಲಕ್ಷ್ಮಿ. ತಳಿಗೆಲ್ಲ ಲಕ್ಷ್ಮಿಯರ ಹೆಸರು. ಹೊಲದಲ್ಲಿ ಆ ಬೀಜ ಮಾಡಿದ ಲಕ್ಷ್ಮಿಯರದು ಕೂಲಿ ಪುಸ್ತಕದಲ್ಲಿ ಹೆಬ್ಬೆಟ್ಟು.

ನವಲೂರ ಪೇರಲ · ಬೆಳಿಗ್ಗೆ 7:15

ಅಣ್ಣಾ, ಇದನ್ನೇ ಒಂದು ಬೇರೆ ಚರ್ಚೆ ಮಾಡಿ ಹಾಕಿ. ಇಲ್ಲಿ ಕಳೆದುಹೋಗುತ್ತದೆ.

ಹಳೇ ಮಾಸ್ತರ · ಬೆಳಿಗ್ಗೆ 10:05

ನಾನು ನಿವೃತ್ತನಾಗಿ ಹನ್ನೆರಡು ವರ್ಷವಾಯಿತು. ರಸಾಯನಶಾಸ್ತ್ರ ಹೇಳಿದೆ. ನಿನ್ನೆ ರಾತ್ರಿ ಈ ಚರ್ಚೆ ಓದಿ ಸರಿಯಾಗಿ ನಿದ್ದೆ ಬರಲಿಲ್ಲ. ಯಾಕೆ ಅಂದರೆ, "ನಿಮ್ಮ ಸೇಫ್ಟಿಗೇ" ಅಂತ ಹೇಳಿದವರಲ್ಲಿ ನಾನೂ ಒಬ್ಬ.

ತೊಂಬತ್ತರ ದಶಕದ ನಡುವೆ. ಗದಗ ಕಡೆಯ ಒಬ್ಬ ಹುಡುಗಿ ನನ್ನ ಹತ್ತಿರ ಪಿಎಚ್‌ಡಿಗೆ ಸೇರಿದ್ದಳು. ಅವಳ ಪ್ರಯೋಗ ಒಮ್ಮೆ ಶುರು ಮಾಡಿದರೆ ಹದಿನಾರು ಗಂಟೆ ಬಿಡುವ ಹಾಗಿರಲಿಲ್ಲ. ಸಂಜೆ ಆರಕ್ಕೆ ನಾನು ನಿಲ್ಲಿಸಿ ಹೋಗು ಅನ್ನುತ್ತಿದ್ದೆ. ನಾನು ಉಪಕಾರ ಮಾಡುತ್ತಿದ್ದೇನೆ ಅಂತಲೇ ತಿಳಿದಿದ್ದೆ. ಅವಳು ಏನು ಮಾಡಿದಳು ಗೊತ್ತೇ? ತನ್ನ ತಮ್ಮನನ್ನು ಊರಿನಿಂದ ಕರೆಸಿ, ಅವನಿಗೆ ಎರಡು ದಿನ ಕಲಿಸಿ, ರಾತ್ರಿ ಅವನನ್ನು ಕೂರಿಸಲು ಅನುಮತಿ ಕೇಳಿದಳು. ಪಿಯುಸಿ ಓದುವ ಹುಡುಗ! ನಾನು ಹೂಂ ಅಂದೆ. ಪಿಯುಸಿ ಹುಡುಗ ರಾತ್ರಿ ಲ್ಯಾಬಿನಲ್ಲಿ ಇರಬಹುದು, ಎಂಎಸ್ಸಿ ಮಾಡಿದ ಅವನ ಅಕ್ಕ ಇರುವ ಹಾಗಿಲ್ಲ ಅನ್ನುವುದರಲ್ಲಿ ನನಗೆ ಏನೂ ತಪ್ಪು ಕಾಣಲಿಲ್ಲ. ಎರಡನೇ ವರ್ಷದ ಕೊನೆಗೆ ಅವಳು ಬಿಟ್ಟು ಬಿ.ಎಡ್ ಮಾಡಿಕೊಂಡಳು. ಒಳ್ಳೆಯ ಶಿಕ್ಷಕಿಯಾಗಿದ್ದಾಳೆ. ಹಾಗಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಬಂದಿದ್ದೇನೆ.

ವಿಜ್ಞಾನ ದಿನದ ಮಾತು ಬಂತಲ್ಲ. 1928ರ ಫೆಬ್ರುವರಿ 28ಕ್ಕೆ ರಾಮನ್ ತಮ್ಮ ಶೋಧ ಮಾಡಿದರು, ಅದಕ್ಕೇ ಆ ದಿನ. ಅದೇ ರಾಮನ್ 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನ, ಅಂದರೆ ಐಐಎಸ್‌ಸಿಯ, ನಿರ್ದೇಶಕರಾಗಿದ್ದಾಗ ಕಮಲಾ ಭಾಗವತ್ ಅನ್ನುವ ಹುಡುಗಿ ಅರ್ಜಿ ಹಾಕಿದಳು. ಮದುವೆಯಾದ ಮೇಲೆ ಕಮಲಾ ಸೊಹೋನಿ. ಬಿಎಸ್ಸಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯಕ್ಕೇ ಮೊದಲು. ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುವುದಿಲ್ಲ ಅಂದರು. ಆಕೆ ಬಿಡಲಿಲ್ಲ, ಕಾರಣ ಕೊಡಿ ಅಂತ ಪಟ್ಟು ಹಿಡಿದರು. ಕೊನೆಗೆ ಷರತ್ತು ಹಾಕಿ ಸೇರಿಸಿಕೊಂಡರು. ಒಂದು ವರ್ಷ ರೆಗ್ಯುಲರ್ ವಿದ್ಯಾರ್ಥಿ ಅಂತ ಲೆಕ್ಕವಿಲ್ಲ. ಲ್ಯಾಬಿನ ವಾತಾವರಣ ಕೆಡಿಸಬಾರದು. ಮತ್ತೊಂದು, ಗೈಡ್ ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಆಕೆ ಅದನ್ನೆಲ್ಲ ಮಾಡಿ ತೋರಿಸಿದ ಮೇಲೆ ಅಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. 1939ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ ಆಯಿತು.

ಆಗ ರಾತ್ರಿ ಕೆಲಸ ಮಾಡಲೇಬೇಕು ಅನ್ನುವುದು ಷರತ್ತು. ಈಗ ಮಾಡಲೇಬಾರದು ಅನ್ನುವುದು ಷರತ್ತು. ಷರತ್ತು ಹಾಕುವವರು ಮಾತ್ರ ಬದಲಾಗಿಲ್ಲ. ನಾನೂ ಆ ಸಾಲಿನಲ್ಲಿ ಇದ್ದೆ, ಅದನ್ನು ಹೇಳಲು ಬರೆದೆ.

ಸಾಧನಕೇರಿ ಬಾತುಕೋಳಿ · ಬೆಳಿಗ್ಗೆ 10:31

ಮಾಸ್ತರೇ, ಆ ಅಕ್ಕನಿಗೆ ಒಂದು ಫೋನ್ ಮಾಡಿ.

ಹಳೇ ಮಾಸ್ತರ · ಬೆಳಿಗ್ಗೆ 10:40

ನಂಬರ್ ಇದೆ. ಧೈರ್ಯ ಹುಡುಕುತ್ತಿದ್ದೇನೆ.

ಕಡ್ಡಿಮುರಿ · ಮಧ್ಯಾಹ್ನ 1:20

ಎಲ್ಲ ಸರಿ. ಆದರೆ ಈಗ ಕಾಲ ಬದಲಾಗಿದೆ. ಬಿಎಸ್ಸಿ ಕ್ಲಾಸಿಗೆ ಹೋಗಿ ನೋಡಿ, ಹುಡುಗಿಯರೇ ಜಾಸ್ತಿ. ರ‍್ಯಾಂಕ್ ಪಟ್ಟಿಯಲ್ಲೂ ಅವರೇ. 2018ರಿಂದ ಐಐಟಿಗಳಲ್ಲಿ ಹುಡುಗಿಯರಿಗೆ ಅಂತ ಹೆಚ್ಚುವರಿ ಸೀಟೂ ಇವೆ, ನಮ್ಮ ಧಾರವಾಡದ್ದೂ ಸೇರಿ. ಇನ್ನೇನು ಬೇಕು?

ಗದಗಿನ ಗಾಳಿ · ಮಧ್ಯಾಹ್ನ 2:02

ಬಿಎಸ್ಸಿ ಕ್ಲಾಸಿನ ಲೆಕ್ಕ ಸರಿಯಾಗಿದೆ ಸರ್. 2021-22ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ವಿಜ್ಞಾನ ಓದುವವರು 57.2 ಲಕ್ಷ, ಅದರಲ್ಲಿ ಹೆಣ್ಣುಮಕ್ಕಳು 29.8 ಲಕ್ಷ. ಅರ್ಧಕ್ಕಿಂತ ಜಾಸ್ತಿ. ಈಗ ಇನ್ನೊಂದು ಲೆಕ್ಕ ಕೇಳಿ. ದೇಶದ ಸಂಶೋಧಕರಲ್ಲಿ ಹೆಂಗಸರು 2018ರಲ್ಲಿ 16.6 ಶೇಕಡಾ. ಎರಡೂ ಸರ್ಕಾರದ್ದೇ ಅಂಕಿ. ವರ್ಷ ಬೇರೆ ಬೇರೆ ಇರಬಹುದು, ಆದರೆ ನಡುವಿನ ಕಂದಕ ನೋಡಿ.

ಹುಬ್ಬಳ್ಳಿಯಲ್ಲಿ ಹತ್ತುವಾಗ ಚಿಗರಿ ಬಸ್ಸಿನ ತುಂಬ ಹೆಂಗಸರು. ಧಾರವಾಡದಲ್ಲಿ ಬಾಗಿಲು ತೆರೆದರೆ ಇಳಿಯುವವರು ನಾಲ್ಕೇ ಜನ. ಉಣಕಲ್ಲಿನಲ್ಲಿ ಎಷ್ಟು ಜನ ಇಳಿದರು, ನವನಗರದಲ್ಲಿ ಎಷ್ಟು ಜನರನ್ನು ಇಳಿಸಿದರು, ಅದನ್ನು ಕೇಳಬೇಕಲ್ವಾ? ಹತ್ತಿದವರನ್ನು ಎಣಿಸಿ ಚಪ್ಪಾಳೆ ಹೊಡೆದರೆ ಏನು ಬಂತು?

ಎರಡನೇ ಇನಿಂಗ್ಸ್ · ಮಧ್ಯಾಹ್ನ 3:45

ನವನಗರದಲ್ಲಿ ಇಳಿಸಿದವರಲ್ಲಿ ನಾನೊಬ್ಬಳು. ಒಂದು ಪ್ರಾಜೆಕ್ಟಿನಲ್ಲಿ ಆರಾರು ತಿಂಗಳ ಒಪ್ಪಂದದ ಮೇಲೆ ಇದ್ದೆ. ಗರ್ಭಿಣಿ ಅಂತ ಹೇಳಿದೆ. ಯಾರೂ ಕೆಲಸದಿಂದ ತೆಗೆಯಲಿಲ್ಲ. ಒಪ್ಪಂದ ಮುಗಿಯಿತು, ಮುಂದುವರಿಸಲಿಲ್ಲ, ಅಷ್ಟೇ. ಎಷ್ಟು ನಾಜೂಕು ನೋಡಿ. 26 ವಾರದ ಹೆರಿಗೆ ರಜೆ ಕಾನೂನಿನಲ್ಲಿ 2017ರಿಂದ ಇದೆ. ನನಗೆ ರಜೆ ಕೊಡಬೇಕಾದ ದಿನ ನಾನು ಅಲ್ಲಿ ಕೆಲಸದಲ್ಲೇ ಇರಲಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್, ಒಪ್ಪಂದದ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಕೊಡಬೇಕು ಅಂತ ಹೇಳಿದೆ. ನನ್ನ ಮಗಳಿಗೆ ಆಗ ಶಾಲೆಗೆ ಹೋಗುವ ವಯಸ್ಸು.

ಆರು ವರ್ಷ ಮನೆಯಲ್ಲಿದ್ದೆ. ಆಮೇಲೆ ಕೇಂದ್ರದ ವಿಜ್ಞಾನ ಇಲಾಖೆಯ ಮಹಿಳಾ ವಿಜ್ಞಾನಿ ಯೋಜನೆಗೆ ಅರ್ಜಿ ಹಾಕಿದೆ. ನಡುವೆ ಕೆಲಸ ಬಿಟ್ಟ ಹೆಂಗಸರಿಗಾಗಿಯೇ ಇರುವುದು, ಈಗ ವೈಸ್-ಕಿರಣ್ ಅನ್ನುತ್ತಾರೆ. ಸಿಕ್ಕಿತು. ಹೊಸ ಜಾಗದಲ್ಲಿ ಮೊದಲ ದಿನ ಒಬ್ಬ ಹಿರಿಯರು ಕೇಳಿದ್ದು: "ಮಗೂನ್ನ ಯಾರು ನೋಡ್ಕೋತಾರಮ್ಮಾ?" ಅದೇ ವಾರ ಸೇರಿದ ಹುಡುಗನಿಗೂ ಎರಡು ವರ್ಷದ ಮಗುವಿತ್ತು. ಅವನಿಗೆ ಕೇಳಿದ್ದು, "ಯಾವ ಸಾಫ್ಟ್‌ವೇರ್ ಬರುತ್ತೆ?"

ಮೆಣಸಿನಕಾಯಿ ತಂಗಿ, ನಿನಗೊಂದು ಮಾತು. 2022ರ ಯುಜಿಸಿ ನಿಯಮದ ಪ್ರಕಾರ ಪಿಎಚ್‌ಡಿ ಮುಗಿಸಲು ಹೆಣ್ಣುಮಕ್ಕಳಿಗೆ ಎರಡು ವರ್ಷ ಹೆಚ್ಚು ಸಿಗುತ್ತದೆ. ಹೆರಿಗೆ, ಮಗುವಿನ ಆರೈಕೆಗೆ 240 ದಿನ ರಜೆಯೂ ಇದೆ. ಆದರೆ ಫೆಲೋಶಿಪ್ ಐದು ವರ್ಷಕ್ಕೆ ನಿಲ್ಲುತ್ತದೆ. ಸಮಯ ಸಿಗುತ್ತದೆ, ಸಂಬಳ ಸಿಗುವುದಿಲ್ಲ. ಯಂತ್ರಕ್ಕೆ ಕಾದು ಕಳೆದ ವಾರಗಳನ್ನು ಬರೆದಿಟ್ಟುಕೋ. ದಿನಾಂಕ ಸಮೇತ.

ಎರೆ ಹೊಲ · ಸಂಜೆ 5:10

ನೀವೆಲ್ಲ ಲ್ಯಾಬಿನವರು, ನಿಮಗೆ ಗೋಡೆಯಾದರೂ ಇದೆ. ನಾನು ಕೃಷಿ ಸಂಶೋಧನೆಯವಳು, ವರ್ಷದ ಅರ್ಧದಷ್ಟು ದಿನ ಹೊಲದಲ್ಲೇ. ನಮ್ಮ ಕಡೆಯ ಎರೆ ಹೊಲ ಗೊತ್ತಲ್ಲ, ಕಣ್ಣು ಹಾಯಿಸಿದಷ್ಟು ದೂರ ಒಂದು ಗಿಡ ಇಲ್ಲ. ಗಂಡಸರು ಜೀಪಿನ ಹಿಂದೆ ಹೋಗಿ ಬರುತ್ತಾರೆ. ನಾನು ಬೆಳಿಗ್ಗೆ ಏಳರಿಂದ ನೀರು ಕುಡಿಯುವುದಿಲ್ಲ. ಎರಡು ಸಲ ಮೂತ್ರದ ಸೋಂಕಾಗಿದೆ. ಡಾಕ್ಟರು "ನೀರು ಜಾಸ್ತಿ ಕುಡಿಯಿರಿ" ಅಂತ ಚೀಟಿ ಬರೆದು ಕೊಟ್ಟರು. ಆ ಚೀಟಿ ನೋಡಿ ನಗು ಬಂತು.

ಹೊಲದ ಹತ್ತಿರದ ಮನೆಯ ಅವ್ವಂದಿರೇ ನನ್ನ ಶೌಚಾಲಯ ವ್ಯವಸ್ಥೆ. ಮೂರು ವರ್ಷದ ಟ್ರಯಲ್‌ನಲ್ಲಿ ಪ್ಲಾಟ್ ಆರಿಸುವಾಗ ನಾನು ಮಣ್ಣು ನೋಡುವುದಕ್ಕೆ ಮೊದಲು ಹತ್ತಿರ ಮನೆ ಇದೆಯೇ ಅಂತ ನೋಡುತ್ತೇನೆ. ಇದನ್ನು ನನ್ನ ಥೀಸಿಸ್‌ನ ವಿಧಾನ ಅಧ್ಯಾಯದಲ್ಲಿ ಬರೆಯಲಿಲ್ಲ. ಬರೆಯಬೇಕಿತ್ತು ಅನ್ನಿಸುತ್ತದೆ, ಯಾಕೆಂದರೆ ಯಾವ ಹೊಲದ ಡೇಟಾ ಬಂತು ಅನ್ನುವುದು ಅದರ ಮೇಲೇ ನಿಂತಿತ್ತು.

ಶಿಗ್ಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿ ಬಿವಿಬಿಯಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿಯವರು, ತಮ್ಮ ಕಾಲದಲ್ಲಿ ಕಾಲೇಜಿನಲ್ಲಿ ಹೆಂಗಸರಿಗೆ ಶೌಚಾಲಯವೇ ಇರಲಿಲ್ಲ ಅಂತ ಹೇಳಿಕೊಂಡಿದ್ದಾರೆ. ಕಾಲೇಜುಗಳಲ್ಲಿ ಈಗ ಬಂದಿದೆ. ಹೊಲಕ್ಕೆ ಇನ್ನೂ ಬಂದಿಲ್ಲ.

ಸಾಧನಕೇರಿ ಬಾತುಕೋಳಿ · ಸಂಜೆ 5:25

2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯ ಸಂಪುಟ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿತಲ್ಲ, ಪಿಎಚ್‌ಡಿಯವರು ನೌಕರರ ಲೆಕ್ಕಕ್ಕೆ ಬರುತ್ತೇವಾ? ನಮ್ಮ ಕಚೇರಿಯಲ್ಲಿ ಕೇಳಿದರೆ ನಕ್ಕರು.

ನವಲೂರ ಪೇರಲ · ಸಂಜೆ 5:31

ದುಡಿಸುವಾಗ ನೌಕರರು, ಕೇಳುವಾಗ ವಿದ್ಯಾರ್ಥಿಗಳು.

ಬೋಡ್ರಿ ರಂಗೋಲಿ · ರಾತ್ರಿ 8:00

ಎಲ್ಲರೂ ರಾತ್ರಿ ಸ್ಲಾಟ್ ಹಿಡಿದು ಕೂತಿದ್ದೀರಿ, ರಂಗೋಲಿ ವಿಷಯ ಬಿಟ್ಟೇಬಿಟ್ಟಿರಿ. ನನಗೆ ಅದೇ ದೊಡ್ಡದು ಅನ್ನಿಸುತ್ತದೆ. ನಮ್ಮ ವಿಭಾಗದಲ್ಲಿ ಮೊದಲು ವರ್ಷಕ್ಕೆ ಏಳೆಂಟು ಕಾರ್ಯಕ್ರಮ ಇರುತ್ತಿದ್ದವು. ನಿರೂಪಣೆ, ಪ್ರಾರ್ಥನೆ, ಆರತಿ ತಟ್ಟೆ, ಶಾಲು-ಹಾರ, ಊಟದ ಲೆಕ್ಕ, ಆಮೇಲೆ ವರದಿ ಬರೆಯುವುದು. ಒಂದೊಂದಕ್ಕೆ ಮೂರು ದಿನ ಹೋಗುತ್ತಿತ್ತು. ಬಡ್ತಿ ಅರ್ಜಿಯಲ್ಲಿ ಇದಕ್ಕೆ ಕಾಲಂ ಇಲ್ಲ. "ನಿಮ್ಮ ದನಿ ಚೆನ್ನಾಗಿದೆ ಮೇಡಂ" ಅನ್ನುತ್ತಾರೆ. ನನ್ನ ದನಿ ಕಾಗೆಯದು. ಮನೆಯಲ್ಲಿ ಎಲ್ಲರೂ ಒಪ್ಪುತ್ತಾರೆ.

ಎರಡು ವರ್ಷದ ಹಿಂದೆ ನಾವು ಮೂರು ಜನ ಹೆಂಗಸರು ಕೂತು ಒಂದು ಉಪಾಯ ಮಾಡಿದೆವು. ಜಗಳ ಬೇಡ, ಚೀಟಿ ಎತ್ತೋಣ ಅಂದೆವು. ಎಲ್ಲರ ಹೆಸರೂ ಡಬ್ಬಿಯಲ್ಲಿ. ಮುಖ್ಯಸ್ಥರು "ತಮಾಷೆಯಾಗಿದೆ, ಆಗಲಿ" ಅಂದರು. ಮೊದಲ ಸಲವೇ ರಂಗೋಲಿ ಚೀಟಿ ಅವರಿಗೇ ಬಂತು! ಮನುಷ್ಯ ಹಿಂದೆ ಸರಿಯಲಿಲ್ಲ, ಅದನ್ನು ಹೇಳಲೇಬೇಕು. ಬೆಳಿಗ್ಗೆ ಏಳಕ್ಕೆ ಬಂದು ಗ್ರಾಫ್ ಪೇಪರ್ ಮೇಲೆ ಚುಕ್ಕಿ ಲೆಕ್ಕ ಹಾಕಿ ಬೆಂಜೀನ್ ಉಂಗುರದ ರಂಗೋಲಿ ಬಿಡಿಸಿದರು. ಒಂದು ಕಡೆ ಜೋಡಿ ಗೆರೆ ಬಿಟ್ಟುಹೋಗಿತ್ತು, ಎಂಎಸ್ಸಿ ಹುಡುಗರು ಫೋಟೋ ತೆಗೆದು ಇಟ್ಟುಕೊಂಡಿದ್ದಾರೆ. ಅಲ್ಲಿಂದ ಕಾರ್ಯಕ್ರಮಗಳೇ ಏಳರಿಂದ ಮೂರಕ್ಕೆ ಇಳಿದವು. ಗಂಡಸರಿಗೆ ಮೂರು ದಿನದ ಕೆಲಸ ಬಿತ್ತು ನೋಡಿ, ಸನ್ಮಾನ ಅಷ್ಟೊಂದು ಬೇಕಾ ಅಂತ ಅವರಿಗೇ ಅನ್ನಿಸಿತು.

ನಿರ್ವಾಹಕರು · ರಾತ್ರಿ 8:40

ಎರಡು ಪ್ರತಿಕ್ರಿಯೆ ತೆಗೆದಿದ್ದೇವೆ. ಸಂಸ್ಥೆಯ ಹೆಸರು, ವ್ಯಕ್ತಿಯ ಹೆಸರು ಹಾಕಬೇಡಿ. ಉಳಿದದ್ದು ಮುಂದುವರಿಯಲಿ.

ಹೊರಗಿನ ಸದಸ್ಯೆ · ಮಾರ್ಚ್ 2, ಬೆಳಿಗ್ಗೆ 11:12

ಎರಡು ಕಡೆ ಆಂತರಿಕ ದೂರು ಸಮಿತಿಯಲ್ಲಿ ಹೊರಗಿನ ಸದಸ್ಯೆಯಾಗಿದ್ದೇನೆ. ತೆಗೆದ ಪ್ರತಿಕ್ರಿಯೆಗಳಲ್ಲಿ ಒಬ್ಬರು "ಸೀದಾ ಸಮಿತಿಗೆ ದೂರು ಕೊಡಿ" ಅಂದಿದ್ದರು. ಹಾಗಾಗಿ ಬರೆಯುತ್ತಿದ್ದೇನೆ.

ಸಮಿತಿ ಇರುವುದು ಲೈಂಗಿಕ ಕಿರುಕುಳದ ದೂರಿಗೆ. 2013ರ ಕಾನೂನು, ಅದಕ್ಕೆ ಮೊದಲು ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು. ಹತ್ತು ಜನ ಕೆಲಸ ಮಾಡುವ ಕಡೆ ಸಮಿತಿ ಇರಲೇಬೇಕು, ಹಿರಿಯ ಮಹಿಳೆ ಅಧ್ಯಕ್ಷೆ, ಅರ್ಧದಷ್ಟಾದರೂ ಹೆಂಗಸರು, ಹೊರಗಿನವರೊಬ್ಬರು. ಘಟನೆ ಆಗಿ ಮೂರು ತಿಂಗಳೊಳಗೆ ದೂರು ಕೊಡಬೇಕು, ಕಾರಣ ಇದ್ದರೆ ಇನ್ನೂ ಮೂರು ತಿಂಗಳು. 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ರಾತ್ರಿ ಸ್ಲಾಟ್ ಕೊಡದಿರುವುದು ತಾರತಮ್ಯ, ನಿಜ. ಆದರೆ ಅದು ಅಷ್ಟಕ್ಕೇ ಲೈಂಗಿಕ ಕಿರುಕುಳ ಆಗುವುದಿಲ್ಲ. ಅಲ್ಲಿಗೆ ಹೋದರೆ "ನಮ್ಮ ವ್ಯಾಪ್ತಿಗೆ ಬರಲ್ಲ" ಅಂತ ವಾಪಸ್ ಕಳಿಸುತ್ತಾರೆ, ಆಮೇಲೆ ನಿಮ್ಮನ್ನೇ ಜಗಳಗಂಟಿ ಅನ್ನುತ್ತಾರೆ. ಸ್ಲಾಟಿಗೆ ಬದಲಾಗಿ ಯಾರಾದರೂ ಏನಾದರೂ ಕೇಳಿದರೆ, ಮೈ ಬಗ್ಗೆ ಮಾತು ಆಡಿದರೆ, ಅದು ಬೇರೆ. ಆಗ ಒಂದು ದಿನವೂ ಕಾಯಬೇಡಿ.

ಆದರೆ ನಿಮ್ಮ ಕೈಯಲ್ಲಿ ಇದಕ್ಕಿಂತ ಒಳ್ಳೆಯ ಕಾಗದ ಇದೆ. ಲೈಂಗಿಕ ಕಿರುಕುಳ ತಡೆಯಲು ಯುಜಿಸಿ 2015ರಲ್ಲಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡಿದೆ. ಅದರಲ್ಲಿ ಸ್ಪಷ್ಟವಾಗಿದೆ: ಸುರಕ್ಷತೆಯ ನೆಪ ಹೇಳಿ ಹಾಸ್ಟೆಲಿನಲ್ಲಿ ಹುಡುಗರಿಗೆ ಒಂದು, ಹುಡುಗಿಯರಿಗೆ ಒಂದು ನಿಯಮ ಮಾಡುವ ಹಾಗಿಲ್ಲ. ಸುರಕ್ಷತೆ ಅಂತ ಹೆಂಗಸರ ಓಡಾಟ ಕಟ್ಟಿಹಾಕಬಾರದು. ಹೆಣ್ಣುಮಕ್ಕಳು ಲೈಬ್ರರಿ, ಲ್ಯಾಬುಗಳಲ್ಲಿ ತಡರಾತ್ರಿವರೆಗೆ ಕೆಲಸ ಮಾಡಲು ಅನುಕೂಲವಾಗುವಂತೆ ವಾಹನ ವ್ಯವಸ್ಥೆ, ಬೆಳಕಿನ ವ್ಯವಸ್ಥೆ ಬಗ್ಗೆಯೂ ಹೇಳಿದೆ. ಎಷ್ಟೋ ಸಂಸ್ಥೆಗಳು ಆ ನಿಯಮದಿಂದ ಸಮಿತಿಯ ಭಾಗ ಮಾತ್ರ ಓದಿ ಬೋರ್ಡ್ ಬರೆಸಿವೆ. ಹಿಂದಿನ ಪುಟ ತೆರೆದೇ ಇಲ್ಲ.

ಅದನ್ನು ಪ್ರಿಂಟ್ ತೆಗೆದು ಅರ್ಜಿಗೆ ಲಗತ್ತಿಸಿ. ಒಬ್ಬಳೇ ಸಹಿ ಹಾಕಬೇಡ ಮಗಳೇ. ಹುಡುಗರ ಸಹಿಯೂ ಇರಲಿ. ಯಂತ್ರದ ವೇಳೆಪಟ್ಟಿ ಅರ್ಜಿ ಅಂತ ಬರೆ, ಹೆಣ್ಣಿನ ಗೋಳು ಅಂತ ಬರೆಯಬೇಡ.

ಎರಡನೇ ಇನಿಂಗ್ಸ್ · ಬೆಳಿಗ್ಗೆ 11:40

ಕೊನೆಯ ಮಾತು ಬೇಸರ ತರಿಸಿತು ಮೇಡಂ. ಯಾಕೆ ಬರೆಯಬಾರದು? ಇರುವುದನ್ನು ಇರುವ ಹಾಗೆ ಹೇಳಲೂ ವೇಷ ಹಾಕಬೇಕಾ?

ಹೊರಗಿನ ಸದಸ್ಯೆ · ಬೆಳಿಗ್ಗೆ 11:55

ಹಾಕಬಾರದು. ಆದರೆ ಅವಳಿಗೆ 216 ಸಲ ಓಡಿಸುವುದಿದೆ. ಮೊದಲು ಅದು ಆಗಲಿ.

ಕಡ್ಡಿಮುರಿ · ಮಧ್ಯಾಹ್ನ 12:30

ಆ ನಿಯಮ ನಾನೂ ಪೂರ್ತಿ ಓದಿರಲಿಲ್ಲ. ಈಗ ಓದಿದೆ. ಸಿಸ್ಟರ್ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ ಅಂತಲೂ ಒಪ್ಪಿಕೊಳ್ಳುತ್ತೇನೆ. ಆದರೆ ಒಂದು ಮಾತು ಉಳಿದಿದೆ. ಗಂಡಾಗಲಿ ಹೆಣ್ಣಾಗಲಿ, ರಾತ್ರಿ ಒಬ್ಬರನ್ನೇ ಬಿಡುವುದು ತಪ್ಪು. ಹೋದ ವರ್ಷ ನಮ್ಮಲ್ಲಿ ಒಬ್ಬ ಹುಡುಗ ರಾತ್ರಿ ಎರಡಕ್ಕೆ ಸಾಲ್ವೆಂಟ್ ಚೆಲ್ಲಿಕೊಂಡು, ಒಬ್ಬನೇ ಒರೆಸುತ್ತ ತಲೆ ತಿರುಗಿ ಕೂತಿದ್ದ. ಬೆಳಿಗ್ಗೆ ಗೊತ್ತಾಯಿತು. ಇಬ್ಬರಿಬ್ಬರು ಇರಬೇಕು ಅಂತ ನಿಯಮ ಮಾಡಿದರೆ ಎಲ್ಲರಿಗೂ ಒಂದೇ ಆಗುತ್ತದೆ. ಅರ್ಜಿಯಲ್ಲಿ ಅದನ್ನೂ ಸೇರಿಸಿ.

ಮೆಣಸಿನಕಾಯಿ ಹುಡುಗಿ · ಮಧ್ಯಾಹ್ನ 12:48

ಸೇರಿಸುತ್ತೇನೆ ಸರ್. ಇದು ನಮಗೆ ಹೊಳೆದೇ ಇರಲಿಲ್ಲ.

ಮೆಣಸಿನಕಾಯಿ ಹುಡುಗಿ · ಮಾರ್ಚ್ 18, ರಾತ್ರಿ 11:22

ಏನಾಯಿತು ಅಂತ ಸುಮಾರು ಜನ ಕೇಳಿದ್ದೀರಿ, ತಡವಾಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ.

ಅರ್ಜಿಗೆ ಹನ್ನೊಂದು ಸಹಿ ಬಿದ್ದವು, ಅದರಲ್ಲಿ ನಾಲ್ಕು ಹುಡುಗರದು. ಜೂನಿಯರ್ ಎರಡನೇ ಸಹಿ ಹಾಕಿದ. ಇಬ್ಬರು ಹುಡುಗಿಯರು ಹಾಕಲಿಲ್ಲ, ಗೈಡ್ ಏನಂದುಕೊಳ್ಳುತ್ತಾರೋ ಅಂತ. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಭೆಯಲ್ಲಿ ಒಬ್ಬರು "ಇಷ್ಟು ದಿನ ಯಾರೂ ಕೇಳಿರಲಿಲ್ಲವಲ್ಲ" ಅಂದರು. ಯುಜಿಸಿ ನಿಯಮದ ಪುಟ ಕೈಯಿಂದ ಕೈಗೆ ಹೋಯಿತು. ಒಬ್ಬರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು.

ಬುಧವಾರ, ಶನಿವಾರ ರಾತ್ರಿ ಸ್ಲಾಟ್ ಎಲ್ಲರಿಗೂ. ಇಬ್ಬರಿಬ್ಬರು ಕಡ್ಡಾಯ, ಹುಡುಗರಿಗೂ. ಮೆಟ್ಟಿಲ ಹತ್ತಿರ ದೀಪ ಹಾಕಿಸಿದ್ದಾರೆ. ಹಾಸ್ಟೆಲಿನಲ್ಲಿ ಮಾತ್ರ ಹಳೇ ಪಾಡೇ: ಪ್ರತಿ ಸಲ ಗೈಡ್ ಸಹಿ, ಅಪ್ಪನ ಸಹಿ ಎರಡೂ ಬೇಕಂತೆ. ಅಪ್ಪ ಹಾವೇರಿಯಲ್ಲಿ ಅಂಗಡಿ ಬಿಟ್ಟು ಸಹಿ ಹಾಕಲು ಬರುತ್ತಾರಾ? ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಾರೆ, ವಾರ್ಡನ್ ಒಪ್ಪುತ್ತಾರೆ, ಗೊಣಗುತ್ತಾರೆ. ಅದು ಮುಂದಿನ ಅರ್ಜಿ. ಆಟೋಸ್ಯಾಂಪ್ಲರ್‌ಗೆ ಕೊಟೇಶನ್ ತರಿಸಿದ್ದಾರೆ.

ಇವತ್ತು ನನ್ನ ಮೊದಲ ರಾತ್ರಿ. ನಾಳೆ ಯುಗಾದಿ, ಹುಡುಗರೆಲ್ಲ ಊರಿಗೆ ಹೋಗಿದ್ದಾರೆ. ಸ್ಲಾಟ್ ಖಾಲಿ ಸಿಕ್ಕಿದ್ದು ಅದಕ್ಕೇ ಅನ್ನಿ. ಸಂಜೆ 7:10ಕ್ಕೆ ಮೊದಲನೆಯದು ಹಾಕಿದೆ, ಈಗಷ್ಟೇ ಹನ್ನೊಂದನೆಯದು. ಜೊತೆಗೆ ಬಂದ ಗೆಳತಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾಳೆ. ಬೇವು-ಬೆಲ್ಲ ಇಲ್ಲೇ ತಿನ್ನುತ್ತೇವೆ, ಮೆಣಸಿನಕಾಯಿಯಂತೂ ಇದೆ.

ರಾತ್ರಿಪಾಳಿ ಸಿಸ್ಟರ್ · ರಾತ್ರಿ 11:40

ನಾನೂ ಡ್ಯೂಟಿಯಲ್ಲಿ ಇದ್ದೇನೆ. ಮೂರು ಗಂಟೆಗೆ ಕಣ್ಣು ಎಳೆಯುತ್ತದೆ, ಆಗ ಎದ್ದು ಓಡಾಡಿ. ಚಹಾ ಆಗ ಕುಡಿಯಿರಿ, ಈಗಲೇ ಬೇಡ.

ಹಳೇ ಮಾಸ್ತರ · ರಾತ್ರಿ 11:51

ಫೋನ್ ಮಾಡಿದೆ. ಅವಳೇ ಎತ್ತಿದಳು.

ಕಡ್ಡಿಮುರಿ · ರಾತ್ರಿ 11:58

ಗ್ರಾಫಿನ ಬೇಸ್‌ಲೈನ್ ಹೇಗಿದೆ? ರಾತ್ರಿ ರೂಮು ತಂಪಾದ ಮೇಲೆ ಸ್ವಲ್ಪ ತೇಲುತ್ತದೆ. ಹಾಗಾದರೆ ಮೊದಲು ಮೀಥನಾಲ್ ಇನ್ನೊಮ್ಮೆ ಡೀಗ್ಯಾಸ್ ಮಾಡಿ, ಅದರಲ್ಲಿ ಕರಗಿದ ಗಾಳಿ ತೆಗೆದು ನೋಡಿ.

ಮೆಣಸಿನಕಾಯಿ ಹುಡುಗಿ · ರಾತ್ರಿ 12:06

ಮಾಡಿದೆ ಸರ್. ಆದರೂ ಒತ್ತಡ ಏರಿಳಿಯುತ್ತಿದೆ. ಪಂಪಿನ ಸೀಲ್ ಅಂತ ಅನುಮಾನ. ಹನ್ನೆರಡನೆಯದು ಹಾಕಿ ಬರುತ್ತೇನೆ, ತಡೆಯಿರಿ.